ಹೊಸ ಮಾಡೆಲ್ ಬರುವ ಮುನ್ನ ಪವರ್ ಟೂಲ್ ಕೊಂಡರೆ ನಷ್ಟವೇ?

ಪ್ರಶ್ನೆ: "ನಾನು ದಾವಣಗೆರೆಯಲ್ಲಿ ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಮರಗೆಲಸ ಮಾಡುವ ಬಡಗಿ, ಜೊತೆಗೆ ಇಬ್ಬರು ಹುಡುಗರಿದ್ದಾರೆ. ಡ್ರಿಲ್ ಕೆಲಸವೆಲ್ಲ ಈಗಲೂ ವೈರ್ ಇರುವ ಮಷಿನ್‌ನಲ್ಲೇ ನಡೆಯುತ್ತಿದೆ. ಹೋದ ವರ್ಷ ಒಂದು ದೊಡ್ಡ ಕಂಪನಿಯ 18 ವೋಲ್ಟ್ ಬ್ಯಾಟರಿ ಗ್ರೈಂಡರ್ ತೆಗೆದುಕೊಂಡೆ. ತಿಂಗಳು ತುಂಬುವುದರೊಳಗೆ ಅದರ ಹೊಸ ಮಾಡೆಲ್ ಅದೇ ಅಂಗಡಿಗೆ ಬಂತು, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಂದಿನಿಂದ ಮನಸ್ಸಿಗೆ ಕಸಿವಿಸಿ. ಈಗ ಅದೇ ಕಂಪನಿಯ ಡ್ರಿಲ್ ಮತ್ತು ಇಂಪ್ಯಾಕ್ಟ್ ಡ್ರೈವರ್ ಸೇರಿದ ಕಾಂಬೊ ಸೆಟ್ಟನ್ನು ಎರಡು 5 ಆಂಪಿಯರ್-ಅವರ್ ಬ್ಯಾಟರಿ ಮತ್ತು ಚಾರ್ಜರ್ ಸಮೇತ 28,000 ರೂಪಾಯಿಗೆ ಕೊಡುತ್ತೇನೆಂದು ಅಂಗಡಿಯವರು ಹೇಳುತ್ತಿದ್ದಾರೆ. ಎರಡು ತಿಂಗಳ ಹಿಂದೆ ಇದಕ್ಕೇ 33,000 ಹೇಳಿದ್ದರು. ಯೂಟ್ಯೂಬ್‌ನಲ್ಲಿ ಅಮೆರಿಕದವರೊಬ್ಬರು ಇದರ ಹೊಸ ಮಾಡೆಲ್ ತೋರಿಸುತ್ತಿದ್ದಾರೆ. ಆಯುಧಪೂಜೆಗೆ ಹೊಸ ಮಷಿನ್ ಇಡಬೇಕೆಂಬ ಆಸೆಯಿದೆ. ಕೊಳ್ಳಲೇ, ಕಾಯಲೇ? ಹಳೆಯದನ್ನು ಕೊಂಡರೆ ನಾಳೆ ಸ್ಪೇರ್ ಸಿಗುತ್ತದೆಯೇ? ಗ್ರೈಂಡರ್‌ನ ಬ್ಯಾಟರಿ ಮುಂದೆಯೂ ನಡೆಯುತ್ತದೆಯೇ? ಕೊಂಡ ಮೇಲೆ ಹೊಸದು ಬಂದರೆ ಅಂಗಡಿಯವರಿಂದ ವ್ಯತ್ಯಾಸದ ಹಣ ಕೇಳಬಹುದೇ?"

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಿದ್ದರೂ ಅವುಗಳ ಹಿಂದಿರುವ ಅಳುಕು ಒಂದೇ. ಗ್ರೈಂಡರ್‌ನ ವಿಷಯದಲ್ಲಿ ಆದದ್ದು ಈ ಸಲವೂ ಆಗಬಾರದು, ಬೆವರು ಸುರಿಸಿ ದುಡಿದ ಹಣ ನಾಳೆಯೇ ಹಳತಾಗುವ ವಸ್ತುವಿಗೆ ಹೋಗಬಾರದು ಎಂಬುದು. ಪವರ್ ಟೂಲ್‌ಗಳ ರಿಪೇರಿ ಮತ್ತು ಬಿಡಿಭಾಗಗಳ ಕೆಲಸದಲ್ಲೇ ಇರುವ ನನಗೆ ದಸರಾ ಹತ್ತಿರವಾದಂತೆ ಹೆಚ್ಚು ಕೇಳಿಬರುವ ಮಾತೂ ಇದೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡೆಲ್ ಹಳೆಯದಾಗುವುದರಿಂದ ಆಗುವ ನಷ್ಟ ಬಹುಮಟ್ಟಿಗೆ ಚಿಕ್ಕದು. ಬ್ಯಾಟರಿಯ ಸಾಲೇ, ಎಂದರೆ ಒಂದೇ ಬಗೆಯ ಬ್ಯಾಟರಿ ಕೂರುವ ಮಷಿನ್‌ಗಳ ಗುಂಪೇ, ಬದಲಾದರೆ ಆಗುವ ನಷ್ಟ ದೊಡ್ಡದು. ನಿಮ್ಮ ಕಂಪನಿ 18 ವೋಲ್ಟ್ ಸಾಲನ್ನು ಮುಂದುವರಿಸುತ್ತಿದ್ದು, ಪೆಟ್ಟಿಗೆಯೊಳಗಿನ ಬ್ಯಾಟರಿ ತಾಜಾ ಆಗಿದ್ದರೆ, ಈ ಸೆಟ್ಟನ್ನು 28,000ಕ್ಕೆ ಕೊಂಡುಕೊಳ್ಳಿ. ಈ ಎರಡರಲ್ಲಿ ಒಂದು ತಪ್ಪಿದರೂ ಬೇಡ.

ಮೊದಲು 'ಹೊಸ ಮಾಡೆಲ್' ಎಂದರೆ ಏನು ಬದಲಾಗಿರುತ್ತದೆ ಎಂಬುದನ್ನು ನೋಡೋಣ. ಮಕಿತಾ ಕಂಪನಿಯ 18 ವೋಲ್ಟ್ ಇಂಪ್ಯಾಕ್ಟ್ ಡ್ರೈವರ್‌ಗಳನ್ನೇ, ಎಂದರೆ ತಿರುಗಿಸುತ್ತಲೇ ಹೊಡೆತ ಕೊಟ್ಟು ಸ್ಕ್ರೂ ಇಳಿಸುವ ಮಷಿನ್‌ಗಳನ್ನೇ, ತೆಗೆದುಕೊಳ್ಳಿ. ಡಿಟಿಡಿ 170 ಎಂಬುದು 2016ರ ಸುಮಾರಿಗೆ ಬಂತು. ಅಲ್ಲಿಂದ ಎರಡು-ಮೂರು ವರ್ಷಕ್ಕೊಂದರಂತೆ 171, 172, 173 ಬಂದವು. ಈ ನಾಲ್ಕು ತಲೆಮಾರುಗಳಲ್ಲಿ ತಿರುಚುವ ಬಲ 175 ನ್ಯೂಟನ್-ಮೀಟರ್‌ನಿಂದ 180ಕ್ಕೆ ಏರಿತು, ಅಷ್ಟೇ. ಗರಿಷ್ಠ ವೇಗ ನಿಮಿಷಕ್ಕೆ 3,600 ಸುತ್ತು, ಹೊಡೆತ 3,800, ಇವೆರಡೂ ಇದ್ದಲ್ಲೇ ಇವೆ. ಮೂತಿಯ ಉದ್ದ 117 ಮಿಲಿಮೀಟರ್‌ನಿಂದ ಹಂತಹಂತವಾಗಿ 111ಕ್ಕೆ ಇಳಿಯಿತು, ದೀಪ ಚೆನ್ನಾಯಿತು, ವೇಗ ಹೊಂದಿಸುವ ಗುಂಡಿಗಳ ವ್ಯವಸ್ಥೆ ಸುಧಾರಿಸಿತು. ಇವು ಒಳ್ಳೆಯ ಬದಲಾವಣೆಗಳೇ. ಆದರೆ ಹದಿನೆಂಟು ಎಂಎಂ ಪ್ಲೈವುಡ್‌ಗೆ ಎರಡು ಇಂಚಿನ ಸ್ಕ್ರೂ ಇಳಿಸುವ ಕೆಲಸದಲ್ಲಿ ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಕಣ್ಣು ಕಟ್ಟಿ ಕೈಗೆ ಕೊಟ್ಟರೆ ಯಾವುದು ಯಾವುದೆಂದು ಗುರುತಿಸುವುದು ನುರಿತವರಿಗೂ ಕಷ್ಟ.

ಎಲ್ಲ ಬದಲಾವಣೆಗಳೂ ಇಷ್ಟು ಸಣ್ಣವಲ್ಲ ಎಂಬುದನ್ನೂ ಹೇಳಬೇಕು. ಅದೇ ಕಂಪನಿಯ ಹ್ಯಾಮರ್ ಡ್ರಿಲ್ ಡಿಎಚ್‌ಪಿ 481ರ ಜಾಗಕ್ಕೆ 486 ಬಂದಾಗ ಉದ್ದ 205 ಮಿಲಿಮೀಟರ್‌ನಿಂದ 178ಕ್ಕೆ ಇಳಿದು, ಬಲ 115ರಿಂದ 130 ನ್ಯೂಟನ್-ಮೀಟರ್‌ಗೆ ಏರಿತು. ಇಪ್ಪತ್ತೇಳು ಮಿಲಿಮೀಟರ್ ಎಂದರೆ ಒಂದು ಇಂಚಿಗೂ ತುಸು ಹೆಚ್ಚು. ಕಟ್ಟಿ ಮುಗಿದ ಕಪಾಟಿನೊಳಗೆ ತಲೆ ತೂರಿಸಿ ಪಕ್ಕದ ಹಲಗೆಗೆ ತೂತು ಹಾಕುವಾಗ ಆ ಒಂದು ಇಂಚು ಬಿಟ್ ನೇರವಾಗಿ ಕೂರುತ್ತದೆಯೋ ಓರೆಯಾಗುತ್ತದೆಯೋ ಎಂಬುದನ್ನು ತೀರ್ಮಾನಿಸುತ್ತದೆ. ಹೀಗಾಗಿ ಯೂಟ್ಯೂಬ್‌ನಲ್ಲಿ ಹೊಸ ಮಾಡೆಲ್ ಕಂಡಾಗ ಅದರ ಬಣ್ಣ, ಹೆಸರು, ಹೊಗಳಿಕೆಗಳನ್ನು ಬದಿಗಿಟ್ಟು ಉದ್ದ, ತೂಕ, ಬಲ ಮತ್ತು ವೇಗದ ಅಂಕಿಗಳನ್ನು ಹಳೆಯದರ ಪಕ್ಕದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಿಮ್ಮ ದಿನನಿತ್ಯದ ಕೆಲಸದಲ್ಲಿ ಆ ವ್ಯತ್ಯಾಸ ಎಲ್ಲಿ ಕಾಣಿಸುತ್ತದೆ ಎಂದು ಹೇಳಲು ನಿಮಗೇ ಆಗದಿದ್ದರೆ ಅದಕ್ಕಾಗಿ ಕಾಯುವ ಅಗತ್ಯವಿಲ್ಲ.

ಅಮೆರಿಕದ ವಿಡಿಯೊದ ಬಗ್ಗೆಯೂ ಒಂದು ಮಾತು. ಅಲ್ಲಿ ತೋರಿಸಿದ್ದು ನಾಳೆ ನಮ್ಮ ಅಂಗಡಿಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಈ ಕಂಪನಿಗಳು ಜಪಾನ್, ಅಮೆರಿಕ, ಯುರೋಪ್ ಮಾರುಕಟ್ಟೆಗಳಿಗೆ ಬೇರೆ ಬೇರೆ ಸಮಯದಲ್ಲಿ, ಎಷ್ಟೋ ಸಲ ಬೇರೆ ಬೇರೆ ಹೆಸರಿನಲ್ಲಿ ಮಾಡೆಲ್ ಬಿಡುತ್ತವೆ. ಜಪಾನಿನಲ್ಲಿ ಟಿಡಿ ಎಂದು ಶುರುವಾಗುವ ಮಕಿತಾ ಮಷಿನ್ ನಮ್ಮಲ್ಲಿ ಡಿಟಿಡಿ ಆಗುತ್ತದೆ, ಅಮೆರಿಕದಲ್ಲಿ ಎಕ್ಸ್‌ಡಿಟಿ ಎಂಬ ಹೆಸರಿನ ಕೆಳಗೆ ಬೇರೆಯೇ ಸಂಖ್ಯೆ ಪಡೆಯುತ್ತದೆ. ಭಾರತಕ್ಕೆ ಕೆಲವು ಮಾಡೆಲ್‌ಗಳು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಬಂದರೂ ಹಳೆಯದು ಕಡಿಮೆ ಬೆಲೆಯಲ್ಲಿ ಅದರ ಪಕ್ಕದಲ್ಲೇ ಬಹಳ ಕಾಲ ಮಾರಾಟವಾಗುತ್ತಿರುತ್ತದೆ. ನಮ್ಮಲ್ಲಿ ಬದಲಾವಣೆ ನಿಜಕ್ಕೂ ಹತ್ತಿರವಾಗಿದೆ ಎಂಬುದರ ಸುಳಿವು ಅಂಗಡಿಯಲ್ಲೇ ಸಿಗುತ್ತದೆ. ಉಳಿದ ಮಷಿನ್‌ಗಳ ಬೆಲೆ ಇದ್ದಂತೆಯೇ ಇದ್ದು ಒಂದೇ ಒಂದು ಮಾಡೆಲ್‌ಗೆ ದೊಡ್ಡ ರಿಯಾಯಿತಿ ಬಂದಿದ್ದರೆ, ಕಂಪನಿಯ ಭಾರತದ ವೆಬ್‌ಸೈಟ್‌ನ ಪಟ್ಟಿಯಿಂದ ಆ ಮಾಡೆಲ್ ಸದ್ದಿಲ್ಲದೆ ಮಾಯವಾಗಿದ್ದರೆ, ಅದರ ದಾಸ್ತಾನು ಖಾಲಿ ಮಾಡುತ್ತಿದ್ದಾರೆ ಎಂದುಕೊಳ್ಳಬಹುದು. ಎಲ್ಲ ಮಷಿನ್‌ಗಳಿಗೂ ಒಟ್ಟಿಗೆ ಆಫರ್ ಇದ್ದರೆ ಅದು ಹಬ್ಬದ ಆಫರ್, ಬೇರೇನೂ ಅಲ್ಲ.

ಇನ್ನು ಬ್ಯಾಟರಿ. ಬ್ಯಾಟರಿ ಟೂಲ್‌ಗಳಲ್ಲಿ ನೀವು ಕೊಳ್ಳುವುದು ಒಂದು ಮಷಿನ್ನನ್ನಲ್ಲ, ಒಂದು ಕುಟುಂಬವನ್ನು. ಗ್ರೈಂಡರ್ ಕೊಂಡ ದಿನವೇ ನೀವು ಆ ಕುಟುಂಬಕ್ಕೆ ಸೇರಿಯಾಗಿದೆ, ಮುಂದಿನ ಪ್ರತಿಯೊಂದು ಮಷಿನ್ನನ್ನೂ ಬ್ಯಾಟರಿಯಿಲ್ಲದೆ ಬರಿಯ ಬಾಡಿಯಾಗಿ ಕೊಳ್ಳಬಹುದಾದ ಲಾಭ ನಿಮಗಿದೆ. ಆದ್ದರಿಂದ ನೀವು ಭಯಪಡಬೇಕಾದದ್ದು ಮಾಡೆಲ್‌ನ ಸಂಖ್ಯೆ ಬದಲಾಗುವುದಕ್ಕಲ್ಲ, ಬ್ಯಾಟರಿ ಕೂರುವ ಜಾಗದ ಆಕಾರ ಬದಲಾಗುವುದಕ್ಕೆ. ಇಂಥದ್ದು ನಡೆದದ್ದುಂಟು. ಡಿವಾಲ್ಟ್ ಕಂಪನಿ 2011ರಲ್ಲಿ ಅಮೆರಿಕದಲ್ಲಿ ತನ್ನ ಹಳೆಯ 18 ವೋಲ್ಟ್ ಸಾಲನ್ನು, ಎಂದರೆ ಹಿಡಿಕೆಯೊಳಗೆ ಗೂಟದಂತೆ ತೂರುವ ಬ್ಯಾಟರಿಗಳನ್ನು, ಹಿಂದೆ ಬಿಟ್ಟು ಜಾರಿಸಿ ಕೂರಿಸುವ '20 ವೋಲ್ಟ್ ಮ್ಯಾಕ್ಸ್' ಸಾಲನ್ನು ತಂದಿತು. ಹಳೆಯ ಬ್ಯಾಟರಿಗಳ ರಾಶಿಯನ್ನೇ ಇಟ್ಟುಕೊಂಡಿದ್ದವರಿಗೆ ಅವು ಹೊಸ ಮಷಿನ್‌ಗಳಿಗೆ ಕೂರಲಿಲ್ಲ. ಹೊಸ ಬ್ಯಾಟರಿಯನ್ನು ಹಳೆಯ ಮಷಿನ್‌ಗೆ ಕೂರಿಸುವ ಅಡಾಪ್ಟರನ್ನು ಕಂಪನಿ ಆಮೇಲೆ ಬಿಟ್ಟಿತು. ಆ ಬದಲಾವಣೆಯ ಹಿಂದಿನ ದಿನ ಹಳೆಯ ಸಾಲಿಗೆ ಹಣ ಹಾಕಿದವರದು ನಿಜವಾದ ನಷ್ಟ.

ಇದಕ್ಕೆ ವಿರುದ್ಧದ ಉದಾಹರಣೆಗಳೂ ಇವೆ, ಅವೇ ಹೆಚ್ಚು. ಮಕಿತಾದ 18 ವೋಲ್ಟ್ ಎಲ್‌ಎಕ್ಸ್‌ಟಿ ಸಾಲು 2005ರಲ್ಲಿ ಶುರುವಾದದ್ದು ಇಂದಿಗೂ ನಡೆಯುತ್ತಿದೆ. ಬಾಷ್ ತನ್ನ ನೀಲಿ ಬಣ್ಣದ 18 ವೋಲ್ಟ್ ಮಷಿನ್‌ಗಳಲ್ಲಿ 2008ರಿಂದ ಬ್ಯಾಟರಿ ಹೊಂದಾಣಿಕೆಯನ್ನು ಉಳಿಸಿಕೊಂಡು ಬಂದಿದೆ. 2018ರಲ್ಲಿ ಹೆಚ್ಚು ಶಕ್ತಿಯ ಪ್ರೊಕೋರ್ ಬ್ಯಾಟರಿ ಬಂದಾಗಲೂ ಅದು ಹಳೆಯ ಮಷಿನ್‌ಗಳಿಗೆ ಕೂರುವಂತೆಯೇ ಬಂತು. ಮಿಲ್ವಾಕಿಯ ಎಂ18 ಸಾಲು ಸಹ 2008ರದು. ಕೋಟ್ಯಂತರ ಬ್ಯಾಟರಿಗಳು ಜನರ ಕೈಯಲ್ಲಿರುವಾಗ ಅವನ್ನೆಲ್ಲ ಒಂದೇ ದಿನದಲ್ಲಿ ವ್ಯರ್ಥ ಮಾಡಿದರೆ ಆ ಜನರೆಲ್ಲ ಬೇರೆ ಕಂಪನಿಯ ಅಂಗಡಿಗೆ ಹೋಗುತ್ತಾರೆ ಎಂಬ ಭಯ ಕಂಪನಿಗಳಿಗೂ ಇದೆ. ಅದಕ್ಕಾಗಿಯೇ ಹೊಸ ವೋಲ್ಟೇಜ್ ತರುವಾಗ ಹಳೆಯದನ್ನು ನಿಲ್ಲಿಸದೆ ಪಕ್ಕದಲ್ಲೊಂದು ಸಾಲನ್ನು ಎಬ್ಬಿಸುತ್ತಾರೆ. ಮಕಿತಾದ 40 ವೋಲ್ಟ್ ಎಕ್ಸ್‌ಜಿಟಿ ಸಾಲು ಹಾಗೆ ಬಂದದ್ದು. ಅದರ ಬ್ಯಾಟರಿ 18 ವೋಲ್ಟ್ ಮಷಿನ್‌ಗೆ ಕೂರುವುದಿಲ್ಲ, 18ರದು ಅದಕ್ಕೆ ಕೂರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಬಾಷ್‌ನಲ್ಲಿ ನೀಲಿ ಮತ್ತು ಹಸಿರು ಬಣ್ಣದ ಮಷಿನ್‌ಗಳೆರಡೂ 18 ವೋಲ್ಟ್ ಆಗಿದ್ದರೂ ಒಂದರ ಬ್ಯಾಟರಿ ಇನ್ನೊಂದಕ್ಕೆ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆ ನೋಡಿ ತರಿಸಿ, ಕೂರದೆ, ನನ್ನ ಬಳಿ ತಂದು ತೋರಿಸಿದವರಿದ್ದಾರೆ.

ವೋಲ್ಟೇಜ್ ವಿಷಯ ಬಂದದ್ದರಿಂದ ಇನ್ನೊಂದು ಭ್ರಮೆಯನ್ನೂ ಇಲ್ಲೇ ಬಿಡಿಸುತ್ತೇನೆ. ಹೊಸದು 20 ವೋಲ್ಟ್, ಹಳೆಯದು 18 ವೋಲ್ಟ್, ಆದ್ದರಿಂದ ಹೊಸದೇ ಬಲಶಾಲಿ ಎಂದು ಹೇಳುವವರಿದ್ದಾರೆ. ಎರಡರೊಳಗೂ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳು. ಒಂದು ಸೆಲ್‌ನ ಸರಾಸರಿ ವೋಲ್ಟೇಜ್ 3.6, ಐದಕ್ಕೆ 18. ಆಗತಾನೆ ಚಾರ್ಜ್ ಆದಾಗ ಒಂದಕ್ಕೆ 4ರಿಂದ 4.2, ಐದಕ್ಕೆ 20ರಿಂದ 21. ಒಂದೇ ಬ್ಯಾಟರಿಯ ಮೇಲೆ ಒಬ್ಬರು 18 ಎಂದು, ಒಬ್ಬರು 20 ಎಂದು, ಮತ್ತೊಬ್ಬರು 21 ಎಂದು ಬರೆಯುತ್ತಾರೆ. ಅಗ್ಗದ ಮಷಿನ್‌ಗಳ ಮೇಲೆ 48 ಎಂದೂ 88 ಎಂದೂ ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ನೀವು ಸಂತೆಗಳಲ್ಲೂ ನೋಡಿರಬಹುದು. ಅವುಗಳಲ್ಲಿ ಎಷ್ಟನ್ನೋ ಬಿಚ್ಚಿ ನೋಡಿದರೆ ಒಳಗಿರುವುದು ಅದೇ ಐದು ಸೆಲ್‌ಗಳ ಸಾಲು. ಹೋಲಿಸಬೇಕಾದದ್ದು ಪ್ಯಾಕ್‌ನ ಮೇಲೆ ಸಣ್ಣದಾಗಿ ಬರೆದಿರುವ ವ್ಯಾಟ್-ಅವರ್. ನಿಮಗೆ ಹೇಳಿರುವ 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು, ಎರಡನ್ನೂ ಗುಣಿಸಿದರೆ, 90 ವ್ಯಾಟ್-ಅವರ್ ಶಕ್ತಿ.

ನಿಮ್ಮ ಸೆಟ್‌ನಲ್ಲಿ ನನಗಿರುವ ಒಂದೇ ಒಂದು ಆತಂಕ ಈ ಬ್ಯಾಟರಿಗಳದ್ದು. ಮೋಟರು, ಗೇರು, ಚಕ್ಕು ಪೆಟ್ಟಿಗೆಯೊಳಗೆ ಎರಡು ವರ್ಷ ಕೂತರೂ ಹಾಗೆಯೇ ಇರುತ್ತವೆ. ಲಿಥಿಯಂ ಬ್ಯಾಟರಿ ಹಾಗಲ್ಲ, ಅದು ಬಳಸದಿದ್ದರೂ ಮುಪ್ಪಾಗುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ ಶೀಟಿನ ಮಾಡಿನ ಗೋದಾಮಿನಲ್ಲಿ ಇಟ್ಟಿದ್ದರೆ ಮುಪ್ಪು ಬೇಗ ಬರುತ್ತದೆ; ಚಾರ್ಜ್ ತೀರಾ ಇಳಿದು ಹೋಗಿ ಸೆಲ್ ಒಂದರ ವೋಲ್ಟೇಜ್ 2.5ಕ್ಕಿಂತ ಕೆಳಗೆ ಬಹಳ ಕಾಲ ನಿಂತರೆ ಒಳಗೆ ಆಗುವ ಹಾನಿ ಮತ್ತೆ ಸರಿಹೋಗುವುದಿಲ್ಲ. ದಾಸ್ತಾನು ಖಾಲಿ ಮಾಡುವ ರಿಯಾಯಿತಿಯಲ್ಲಿ ಅಡಗಿರುವ ಅಪಾಯ ಇದು.

ಆದ್ದರಿಂದ ಅಂಗಡಿಯಲ್ಲಿ ಹಣ ಕೊಡುವ ಮೊದಲು ಪೆಟ್ಟಿಗೆಯ ಚೀಟಿಯನ್ನು ಓದಿ. ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಾದ ತಿಂಗಳು ಮತ್ತು ವರ್ಷವನ್ನು ನಮೂದಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಎಂಆರ್‌ಪಿಯ ಹತ್ತಿರದಲ್ಲೇ ಅದು ಇರುತ್ತದೆ. ಒಂದು ವರ್ಷದೊಳಗಿನದಾದರೆ ನಿಶ್ಚಿಂತೆ. ಎರಡು ವರ್ಷ ದಾಟಿದ್ದರೆ ಬ್ಯಾಟರಿ ಬೇರೆ ಕೊಡಿ ಎಂದು ಕೇಳಿ. ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಐಎಸ್ 16046 ಎಂಬ ಸಂಖ್ಯೆ ಇದೆಯೇ ಎಂದೂ ನೋಡಿ. ನಿಮ್ಮ ಬಳಿ ಮಲ್ಟಿಮೀಟರ್ ಇದ್ದರೆ ಜೇಬಿನಲ್ಲಿಟ್ಟುಕೊಂಡು ಹೋಗಿ, ಪ್ಲಸ್ ಮತ್ತು ಮೈನಸ್ ಗುರುತಿನ ಪಟ್ಟಿಗಳಿಗೆ ಅದರ ಕಡ್ಡಿಗಳನ್ನು ಮುಟ್ಟಿಸಿ. ಅರ್ಧ ಚಾರ್ಜ್‌ನಲ್ಲಿ ಕಾರ್ಖಾನೆಯಿಂದ ಬಂದ ಆರೋಗ್ಯವಂತ ಪ್ಯಾಕ್ 17-18 ವೋಲ್ಟ್‌ನ ಆಸುಪಾಸು ತೋರಿಸುತ್ತದೆ. 15ಕ್ಕಿಂತ ಕೆಳಗಿದ್ದರೆ ಅನುಮಾನಿಸಿ, 12.5ಕ್ಕಿಂತ ಕೆಳಗಿದ್ದರೆ ಎಷ್ಟು ರಿಯಾಯಿತಿ ಕೊಟ್ಟರೂ ಬೇಡ. ಮೀಟರ್ ಇಲ್ಲದಿದ್ದರೆ ಎರಡೂ ಬ್ಯಾಟರಿಗಳನ್ನು ಅಂಗಡಿಯಲ್ಲೇ ಚಾರ್ಜರ್‌ಗೆ ಹಾಕಿಸಿ. ಚಾರ್ಜರ್‌ನ ದೀಪ ಸಹಜವಾಗಿ ಬೆಳಗದೆ ಎರಡು ಬಣ್ಣಗಳ ನಡುವೆ ಮಿಣಮಿಣನೆ ಮಿಟುಕಿದರೆ ಅನೇಕ ಕಂಪನಿಗಳಲ್ಲಿ ಅದು ಕೆಟ್ಟ ಬ್ಯಾಟರಿಯ ಸೂಚನೆ. ಈ ಪರೀಕ್ಷೆಗಳಿಗೆ ಅರ್ಧ ಗಂಟೆ ಹಿಡಿಯಬಹುದು. ಸೆಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಆ ಎರಡು ಬ್ಯಾಟರಿಗಳದ್ದೇ ಆಗಿರುವುದರಿಂದ ಅರ್ಧ ಗಂಟೆ ಹೆಚ್ಚಲ್ಲ.

ಸ್ಪೇರ್‌ಗಳ ಬಗ್ಗೆ ನಿಮಗಿರುವ ಭಯ ವಾಸ್ತವಕ್ಕಿಂತ ದೊಡ್ಡದು. ಮಾಡೆಲ್ ನಿಂತ ದಿನವೇ ಬಿಡಿಭಾಗಗಳು ನಿಲ್ಲುವುದಿಲ್ಲ. ದೊಡ್ಡ ಕಂಪನಿಗಳ ಬಿಡಿಭಾಗಗಳು ಮಾಡೆಲ್ ನಿಂತ ಮೇಲೂ ವರ್ಷಗಟ್ಟಲೆ ಸಿಗುತ್ತವೆ; ಬೇರಿಂಗ್, ಸ್ವಿಚ್, ಚಕ್‌ನಂಥವು ಹಲವು ಮಾಡೆಲ್‌ಗಳಿಗೆ ಒಂದೇ ಆಗಿರುತ್ತವೆ. ವೈರ್ ಇರುವ ಜನಪ್ರಿಯ ಮಷಿನ್‌ಗಳ ಕಾರ್ಬನ್ ಬ್ರಷ್, ಆರ್ಮೇಚರ್, ಫೀಲ್ಡ್ ಕಾಯಿಲ್‌ಗಳು ಬೆಂಗಳೂರಿನ ಎಸ್‌ಪಿ ರಸ್ತೆಯ ಕಡೆ ಹೋದರೆ ಕಂಪನಿಯದೂ ಸಿಗುತ್ತವೆ, ಡೂಪ್ಲಿಕೇಟೂ ಸಿಗುತ್ತವೆ. ಬ್ರಷ್‌ಲೆಸ್ ಮಷಿನ್‌ಗಳಲ್ಲಿ ಮಾತ್ರ ಎಚ್ಚರ ಬೇಕು. ಅವುಗಳಲ್ಲಿ ಸವೆಯುವ ಕಾರ್ಬನ್ ಇಲ್ಲ, ಅದು ಲಾಭವೇ. ಆದರೆ ಮೋಟರನ್ನು ಓಡಿಸುವ ಕಂಟ್ರೋಲರ್ ಬೋರ್ಡ್ ಆಯಾ ಮಾಡೆಲ್‌ಗೇ ಮೀಸಲು, ಹೊರಗಿನ ಬದಲಿ ಸಿಗುವುದು ಅಪರೂಪ, ಬೆಲೆಯೂ ಹೆಚ್ಚು. ಕೊಳ್ಳುವ ಮೊದಲು ದಾವಣಗೆರೆಯ ಅಥವಾ ಹುಬ್ಬಳ್ಳಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ನಿಮ್ಮ ಮಾಡೆಲ್‌ನ ಬೋರ್ಡ್ ಮತ್ತು ಸ್ವಿಚ್ ಈಗ ತರಿಸಲು ಎಷ್ಟು ದಿನ, ಎಷ್ಟು ಹಣ ಎಂದು ಕೇಳಿ. ತಡವರಿಸದೆ ಉತ್ತರ ಬಂದರೆ ಆ ಮಾಡೆಲ್‌ಗೆ ಜೀವವಿದೆ ಎಂದರ್ಥ.

ಹೊಸ ಮಾಡೆಲ್ ಕೊಂಡವರಿಗೆ ಬರುವ ತೊಂದರೆಯನ್ನು ಯಾರೂ ಹೇಳುವುದಿಲ್ಲ, ನಾನು ರಿಪೇರಿ ಮೇಜಿನ ಈಚೆ ಕೂತು ಅದನ್ನು ನೋಡುತ್ತಲೇ ಇದ್ದೇನೆ. ಮಷಿನ್ ಅಂಗಡಿಗೆ ಬಂದಿರುತ್ತದೆ, ಅದರ ಬಿಡಿಭಾಗಗಳು ಸರ್ವಿಸ್ ಸೆಂಟರ್‌ಗೆ ಇನ್ನೂ ಬಂದಿರುವುದಿಲ್ಲ. ಟ್ರಿಗರ್ ಸ್ವಿಚ್ ಒಂದು ಕೆಟ್ಟರೆ ವಾರಂಟಿಯಲ್ಲೇ ಸರಿ ಮಾಡಿಕೊಡುತ್ತಾರೆ, ಆದರೆ ಸ್ವಿಚ್ ಬರುವವರೆಗೆ ಮಷಿನ್ ಚೀಟಿ ಕಟ್ಟಿಸಿಕೊಂಡು ಕಪಾಟಿನಲ್ಲಿ ಕೂತಿರುತ್ತದೆ, ಕೆಲಸದವರು ಸೈಟ್‌ನಲ್ಲಿ ಕಾಯುತ್ತಿರುತ್ತಾರೆ. ಹಳೆಯ ಮಾಡೆಲ್‌ನ ರೋಗಗಳೂ ಔಷಧಗಳೂ ಊರಿನ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುತ್ತವೆ. ಒಂದೇ ಮಷಿನ್ ನಂಬಿ ದುಡಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಈಗ ಬೆಲೆಯ ಲೆಕ್ಕ. ಎಂಆರ್‌ಪಿಯ ಮೇಲೆ ಶೇಕಡಾ ಇಷ್ಟು ರಿಯಾಯಿತಿ ಎಂಬ ಬೋರ್ಡಿಗೆ ಬೆಲೆ ಕೊಡಬೇಡಿ. ಈ ವ್ಯಾಪಾರದಲ್ಲಿ ಎಂಆರ್‌ಪಿಗೆ ಮಾರಾಟವಾಗುವ ಮಷಿನ್ ವಿರಳ. ನೀವು ಮಾಡಿರುವಂತೆ ಎರಡು ತಿಂಗಳ ಹಿಂದೆ ಅದೇ ಅಂಗಡಿ ಹೇಳಿದ ಬೆಲೆಗೆ ಹೋಲಿಸುವುದೇ ಸರಿಯಾದ ಕ್ರಮ, ಆ ಲೆಕ್ಕದಲ್ಲಿ ನಿಮಗೆ ಉಳಿಯುವುದು 5,000 ರೂಪಾಯಿ. ಹೊಸ ಮಾಡೆಲ್ ಬಂದ ಮೊದಲ ತಿಂಗಳುಗಳಲ್ಲಿ ಯಾರೂ ಬೆಲೆ ಇಳಿಸುವುದಿಲ್ಲ, ಅದು 33,000ದ ಹತ್ತಿರವೋ ಮೇಲೋ ಇರುತ್ತದೆ ಎಂದೇ ಇಟ್ಟುಕೊಳ್ಳಿ. ಅಷ್ಟರವರೆಗೆ ನೀವು ಕರೆಂಟ್ ಇಲ್ಲದ ಸೈಟ್‌ಗಳಲ್ಲಿ ಪಕ್ಕದ ಮನೆಯಿಂದ ವೈರ್ ಎಳೆಯುತ್ತ, ಡ್ರಿಲ್‌ನಲ್ಲೇ ಸ್ಕ್ರೂ ಹೊಡೆಸುತ್ತ ಇರುತ್ತೀರಿ. ಇಬ್ಬರು ಹುಡುಗರಲ್ಲಿ ಒಬ್ಬ ದಿನಕ್ಕೆ ಒಂದು ಗಂಟೆ ಕಡಿಮೆ ಕೆಲಸ ಮಾಡಿದರೂ ಮೂರು ತಿಂಗಳಲ್ಲಿ ಆ ಕೂಲಿ ಎಷ್ಟಾಗುತ್ತದೆ ಎಂದು ನೀವೇ ಹಾಕಿ ನೋಡಿ. ನೀವು ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಹೊಂದಿದ್ದರೆ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿದ ಬಿಲ್ ತೆಗೆದುಕೊಳ್ಳಿ, ಶೇ. 18ರ ತೆರಿಗೆ ನಿಮ್ಮ ಲೆಕ್ಕದಲ್ಲಿ ಹೊಂದಿಕೆಯಾಗುತ್ತದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಆ ಸೌಲಭ್ಯವಿಲ್ಲ. ಬಿಲ್ ಇಲ್ಲದೆ ಇನ್ನೂ ಸಾವಿರ ಕಡಿಮೆ ಮಾಡುತ್ತೇನೆಂದರೆ ಒಪ್ಪಬೇಡಿ, ವಾರಂಟಿ ನಿಂತಿರುವುದೇ ಬಿಲ್‌ನ ದಿನಾಂಕದ ಮೇಲೆ.

ವ್ಯತ್ಯಾಸದ ಹಣ ಕೇಳಬಹುದೇ ಎಂದಿದ್ದೀರಿ. ಕೇಳಬಹುದು, ಆದರೆ ಹಕ್ಕಿನಿಂದ ಕೇಳಲಾಗದು. ಹೊಸ ಮಾಡೆಲ್ ಬಂದದ್ದು ನಿಮ್ಮ ಮಷಿನ್‌ನ ದೋಷವಲ್ಲ, ಆದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಪರಿಹಾರವಿಲ್ಲ. ಹಳೆಯದನ್ನೋ ರಿಪೇರಿಯಾದದ್ದನ್ನೋ ಹೊಸದೆಂದು ಸುಳ್ಳು ಹೇಳಿ ಮಾರಿದ್ದರೆ ಮಾತ್ರ ಅದು ಅನುಚಿತ ವ್ಯಾಪಾರ. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವಾದರೂ ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡವರಿಗೆ ವಿನಾಯಿತಿ ಇದೆ. ಅಂಥ ಮೋಸವೇನಾದರೂ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಬಹುದು. ಮಾಡೆಲ್ ಬದಲಾವಣೆಗೆ ಪರಿಹಾರ ಕೊಳ್ಳುವ ಮುಂಚಿನ ಮಾತುಕತೆಯಲ್ಲಿದೆ. "ಒಂದು ತಿಂಗಳೊಳಗೆ ಹೊಸದು ಬಂದರೆ ವ್ಯತ್ಯಾಸದ ಹಣ ಕೊಟ್ಟು ಬದಲಾಯಿಸಿಕೊಳ್ಳುತ್ತೇನೆ, ಒಪ್ಪುತ್ತೀರಾ?" ಎಂದು ನೇರವಾಗಿ ಕೇಳಿ, ಒಪ್ಪಿದರೆ ಬಿಲ್‌ನ ಹಿಂದೆ ಬರೆಸಿಕೊಳ್ಳಿ. ಹತ್ತು ವರ್ಷದ ಗಿರಾಕಿಯನ್ನು ಉಳಿಸಿಕೊಳ್ಳಲು ಇಷ್ಟನ್ನು ಮಾಡುವ ಅಂಗಡಿಯವರು ಇದ್ದಾರೆ. ಆನ್‌ಲೈನ್‌ನಲ್ಲಿ ಈ ಅವಕಾಶವಿಲ್ಲ. ಅಲ್ಲಿ ಟೂಲ್‌ಗಳಿಗೆ ಬದಲಿ ಕೊಡುತ್ತೇವೆ, ಹಣ ವಾಪಸ್ ಇಲ್ಲ ಎಂಬ ನಿಯಮವೇ ಸಾಮಾನ್ಯ.

ಹೊಸದೇ ಬೇಕೆಂಬ ಆತುರದಲ್ಲಿ ಕೆಲವರು ಹಿಡಿಯುವ ಇನ್ನೊಂದು ದಾರಿಯ ಬಗ್ಗೆ ಎಚ್ಚರಿಸಲೇಬೇಕು. 'ಜಪಾನ್ ಮಾಡೆಲ್' ಎಂದು ಹೇಳಿ, ನಮ್ಮ ದೇಶದಲ್ಲಿ ಇನ್ನೂ ಬಿಡುಗಡೆಯಾಗದ ಮಷಿನ್‌ಗಳನ್ನು ಹೊರಗಿನಿಂದ ತರಿಸಿ ಮಾರುವವರಿದ್ದಾರೆ. ಅವಕ್ಕೆ ಇಲ್ಲಿನ ವಾರಂಟಿ ಇರುವುದಿಲ್ಲ. ಜಪಾನಿನ ವಿದ್ಯುತ್ 100 ವೋಲ್ಟ್, ಅಮೆರಿಕದ್ದು 120. ಅಲ್ಲಿನ ಚಾರ್ಜರನ್ನು ನಮ್ಮ 230 ವೋಲ್ಟ್ ಪ್ಲಗ್‌ಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಹೆಸರಾಂತ ಕಂಪನಿಗಳ ನಕಲಿ ಮಷಿನ್ ಮತ್ತು ಬ್ಯಾಟರಿಗಳೂ ಇದೇ ದಾರಿಯಲ್ಲಿ ಬರುತ್ತವೆ. ನಕಲಿ ಬ್ಯಾಟರಿಯೊಳಗೆ ಸೆಲ್‌ಗಳನ್ನು ಒಂದೊಂದಾಗಿ ಗಮನಿಸುವ ಸರ್ಕಿಟ್ ಇಲ್ಲದಿದ್ದರೆ ಅದು ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವಿದೆ. ರಾತ್ರಿ ಚಾರ್ಜ್‌ಗೆ ಹಾಕಿ ಪ್ಲೈವುಡ್ ಪುಡಿಯ ನಡುವೆ ಮಲಗುವ ಹುಡುಗರಿರುವ ಕಡೆ ಅದನ್ನು ಇಡಲೇಬೇಡಿ.

ಕಾಯುವುದೇ ಸರಿ ಎನ್ನಬಹುದಾದ ಸಂದರ್ಭಗಳೂ ಇವೆ. ಕಂಪನಿ ತನ್ನ ಬ್ಯಾಟರಿ ಸಾಲನ್ನೇ ಬದಲಿಸುತ್ತಿದ್ದರೆ ಕಾಯಿರಿ. ಹಳೆಯದಕ್ಕೂ ಹೊಸದಕ್ಕೂ ಬೆಲೆಯಲ್ಲಿ ಸಾವಿರ ರೂಪಾಯಿಯಷ್ಟೇ ಅಂತರವಿದ್ದು ನಿಮಗೆ ಈಗಲೇ ಅವಸರವಿಲ್ಲದಿದ್ದರೆ ಕಾಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಮಾಡೆಲ್‌ನಲ್ಲಿ ಬಂದಿರುವುದು ಕೈಬೆರಳನ್ನು ಉಳಿಸುವ ಬದಲಾವಣೆಯಾಗಿದ್ದರೆ ಖಂಡಿತ ಕಾಯಿರಿ. ಡ್ರಿಲ್ ಮತ್ತು ಇಂಪ್ಯಾಕ್ಟ್ ಡ್ರೈವರ್‌ಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ, ಗ್ರೈಂಡರ್ ಮತ್ತು ಸರ್ಕ್ಯುಲರ್ ಗರಗಸಗಳಲ್ಲಿ ಬರುತ್ತದೆ. ಸ್ವಿಚ್ ಬಿಟ್ಟ ಕೂಡಲೇ ಬಿಲ್ಲೆಯನ್ನು ನಿಲ್ಲಿಸುವ ಬ್ರೇಕ್, ಬಿಲ್ಲೆ ಸಿಕ್ಕಿಕೊಂಡು ಮಷಿನ್ ಒದ್ದಾಗ ತಾನೇ ನಿಲ್ಲುವ ವ್ಯವಸ್ಥೆ, ಸ್ವಿಚ್ ಆನ್ ಇರುವಾಗಲೇ ಬ್ಯಾಟರಿ ಹಾಕಿದರೂ ತಿರುಗದಂತೆ ತಡೆಯುವ ರಕ್ಷಣೆ, ಇವುಗಳಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ನಿಮ್ಮ ಗ್ರೈಂಡರ್‌ನ ಕಸಿವಿಸಿಯನ್ನೂ ಇದೇ ಅಳತೆಯಲ್ಲಿ ತೂಗಿ ನೋಡಿ. ಅದರ ಕೈಪಿಡಿ ತೆಗೆದು ಈ ಮೂರು ರಕ್ಷಣೆಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂದು ನೋಡಿ. ಇದ್ದರೆ ಹೊಸ ಮಾಡೆಲ್‌ನ ಬಗ್ಗೆ ಮರೆತುಬಿಡಿ. ಇಲ್ಲದಿದ್ದರೆ ಮಾರುವ ಅಗತ್ಯವೇನಿಲ್ಲ. ಬ್ಯಾಟರಿ ಹಾಕುವ ಮೊದಲು ಸ್ವಿಚ್ ಆಫ್ ಇದೆಯೇ ಎಂದು ನೋಡುವುದನ್ನು, ಪೂರ್ತಿ ನಿಲ್ಲುವ ತನಕ ಕೆಳಗಿಡದಿರುವುದನ್ನು ಹುಡುಗರಿಗೆ ರೂಢಿ ಮಾಡಿಸಿ. ಗಾರ್ಡ್ ಬಿಚ್ಚಿ ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವ ಅಭ್ಯಾಸ ನಮ್ಮ ಬಡಗಿಗಳಲ್ಲಿ ಬಹಳ ಇದೆ, ಅದು ಹೊಸ ಗ್ರೈಂಡರ್‌ನಲ್ಲೂ ಬೇಡ, ಹಳೆಯದರಲ್ಲೂ ಬೇಡ.

ಸೆಟ್ ಕೊಂಡ ಮೇಲೆ ವಾರಂಟಿಯ ನೋಂದಣಿಯನ್ನು ಅಂದೇ ಮಾಡಿಸಿ, ಕೆಲವು ಕಂಪನಿಗಳು ನೋಂದಾಯಿಸಿದವರಿಗೆ ಅವಧಿಯನ್ನು ಹೆಚ್ಚಿಸುತ್ತವೆ. ಉಳಿದ 5,000ದಲ್ಲಿ ಇನ್ನೊಂದು ಬ್ಯಾಟರಿ ತಂದಿಡೋಣ ಎನಿಸಬಹುದು. ಗ್ರೈಂಡರ್‌ನ ಜೊತೆ ಬಂದ ಬ್ಯಾಟರಿಯೂ ಇದಕ್ಕೆ ಕೂರುವುದರಿಂದ ಸದ್ಯಕ್ಕೆ ಅದು ಬೇಡ. ಕಪಾಟಿನಲ್ಲಿಟ್ಟ ಬ್ಯಾಟರಿಗೂ ವಯಸ್ಸಾಗುತ್ತದೆ, ಇರುವವು ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿದ ಮೇಲೆ ಆಗಿನ ತಾಜಾ ಬ್ಯಾಟರಿಯನ್ನು ತಿಂಗಳು ನೋಡಿ ಕೊಳ್ಳಿ. ಆ ಹಣದಲ್ಲಿ ಈಗ ಇಂಪ್ಯಾಕ್ಟ್‌ಗೆಂದೇ ತಯಾರಾದ ಒಳ್ಳೆಯ ಸ್ಕ್ರೂ ಬಿಟ್‌ಗಳನ್ನು ತನ್ನಿ. ಡ್ರಿಲ್‌ಗೆ ಬಳಸುತ್ತಿದ್ದ ಹಳೆಯ ಬಿಟ್‌ಗಳು ಇಂಪ್ಯಾಕ್ಟ್‌ನ ಹೊಡೆತಕ್ಕೆ ತುದಿ ಮುರಿದುಕೊಳ್ಳುತ್ತವೆ, ಸ್ಕ್ರೂಗಳ ತಲೆಯನ್ನೂ ಕೆಡಿಸುತ್ತವೆ.